ಮಸಿ ನಿಲ್ಲುವ ಕಾಗದ

ಫೌಂಟನ್ ಪೆನ್ನು ಕೊಳ್ಳಹೋದವರು ಅಂಗಡಿಯಲ್ಲಿ ಅರ್ಧ ಗಂಟೆಯನ್ನಾದರೂ ಕಳೆಯುತ್ತಾರೆ. ನಿಬ್ಬನ್ನು ಉಗುರಿನ ಮೇಲೆ ಒತ್ತಿ ನೋಡುತ್ತಾರೆ. ಅದರ ಸೀಳು ನೇರವಾಗಿದೆಯೆ ಎಂದು ಬೆಳಕಿಗೆ ಹಿಡಿಯುತ್ತಾರೆ. ಹತ್ತು ಸಲ ತಮ್ಮ ರುಜುವನ್ನೇ ಹಾಕಿ ನೋಡುತ್ತಾರೆ. ಅದೇ ಜನ ನೋಟುಬುಕ್ಕನ್ನು ಮಾತ್ರ ರಟ್ಟಿನ ಬಣ್ಣ ನೋಡಿ ಕೊಂಡುಬಿಡುತ್ತಾರೆ. ಮನೆಗೆ ಬಂದು ಬರೆಯತೊಡಗಿದಾಗ ಅಕ್ಷರದ ಅಂಚುಗಳಲ್ಲಿ ಕೂದಲೆಳೆಯಂಥ ಕವಲುಗಳು ಒಡೆಯುತ್ತವೆ. ಹಾಳೆಯ ಹಿಂಬದಿಯಲ್ಲಿ ತಿರುವುಮುರುವಾದ ಬರಹ ಮೂಡುತ್ತದೆ. ಆಗ ಬೈಸಿಕೊಳ್ಳುವುದು ಪೆನ್ನು, ಇಲ್ಲವೆ ಮಸಿ. ಕಾಗದವನ್ನು ಯಾರೂ ದೂರುವುದಿಲ್ಲ. ‘ದ’ಕಾರಕ್ಕೂ ‘ಧ’ಕಾರಕ್ಕೂ ಅಡಿಯ ಒಂದು ಪುಟ್ಟ ಸೀಳಷ್ಟೇ ಅಂತರವಿರುವ ನಮ್ಮ ಲಿಪಿಗೆ ಮಸಿ ಹರಡುವುದು ಸಣ್ಣ ತೊಂದರೆಯೇನಲ್ಲ.

ಇಲ್ಲಿ ನಡೆಯುವುದು ಒಂದು ಹಗ್ಗಜಗ್ಗಾಟ. ನಿಬ್ಬಿನ ಸೀಳು ಕೂದಲಿನಷ್ಟು ಕಿರಿದು. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಹತ್ತಿ ನಿಲ್ಲುತ್ತದೆ. ಮಸಿ ಮೊನೆಯವರೆಗೆ ಬಂದು, ಕೆಳಗೆ ಸುರಿದುಹೋಗದೆ ಕಾದಿರುವುದು ಈ ಗುಣದಿಂದ. ಕಾಗದವಾದರೋ ಸಸ್ಯನಾರುಗಳ ಒಂದು ಪೊದೆ. ನಾರು ನಾರಿನ ನಡುವೆಯೂ ಅಂಥವೇ ಸಂದುಗಳು. ಮೇಲಾಗಿ ನಾರಿಗೆ ನೀರೆಂದರೆ ಪ್ರೀತಿ. ಯಾವ ಉಪಚಾರವನ್ನೂ ಮಾಡದೆ ಬರಿಯ ನಾರಿನಿಂದ ತೆಗೆದ ಹಾಳೆಯೇ ಬ್ಲಾಟಿಂಗ್ ಕಾಗದ. ಅದನ್ನು ಬರೆಯುವ ಕಾಗದವನ್ನಾಗಿ ಮಾಡುವುದು ನಾರಿಗೆ ಹಿಡಿಸಿದ ತೆಳ್ಳನೆಯ ಒಂದು ಅಂಟಿನ ಲೇಪ. ಗಿರಣಿಯವರು ಇದಕ್ಕೆ ಸೈಜಿಂಗ್ ಎನ್ನುತ್ತಾರೆ. ನೇಕಾರರು ನೂಲಿಗೆ ಗಂಜಿ ಹಾಕುವುದಕ್ಕೂ ಇದೇ ಹೆಸರು. ಕಾಗದದ ಒಳ್ಳೆಯತನವೆಲ್ಲ ಹೆಚ್ಚುಕಡಿಮೆ ಈ ಗಂಜಿಯಲ್ಲಿದೆ. ಅದರ ಕೇಡೂ ಅಲ್ಲಿಯೇ ಇತ್ತೆಂಬುದು ತಡವಾಗಿ ತಿಳಿದ ಸಂಗತಿ.

ನಮ್ಮ ಹಿರಿಯರಿಗೆ ಬಹುಕಾಲ ಈ ಚಿಂತೆ ಇರಲಿಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಆಮೇಲೆ ಕಾಡಿಗೆಯನ್ನು ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿಯುತ್ತಿತ್ತು. ಮಸಿ ಹರಡುವ ಮಾತೇ ಇಲ್ಲ. ಆದರೆ ಲೇಪದ ಮಹಿಮೆ ಕನ್ನಡ ನಾಡಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ. ವರ್ತಕರೂ ಮಠಗಳವರೂ ಲೆಕ್ಕ ಬರೆಯುತ್ತಿದ್ದ ಕಡತವು ಬಟ್ಟೆ. ಅದಕ್ಕೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ನೆಯ್ಗೆಯ ಕಣ್ಣುಗಳನ್ನು ಮುಚ್ಚಿ ಬರೆಯುವ ಮೈ ಕೊಟ್ಟದ್ದು ಆ ಅಂಟು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳು. ವಸ್ತು ಹೋಗಿ ಹೆಸರು ಉಳಿದಿದೆ: ನಮ್ಮ ಕಚೇರಿಗಳಲ್ಲಿ ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುವ ಫೈಲಿಗೆ ಕನ್ನಡದಲ್ಲಿ ಈಗಲೂ ಕಡತವೆಂದೇ ಹೆಸರು.

ಕಾಗದ ಚೀನದಲ್ಲಿ ಹುಟ್ಟಿತು. ಅಲ್ಲಿಯವರು ಬರೆಯುತ್ತಿದ್ದುದು ಕುಂಚದಿಂದ. ಮೆದುವಾದ ಹಾಳೆ ಕುಂಚಕ್ಕೆ ಒಪ್ಪುತ್ತಿತ್ತು. ಅದು ಮಧ್ಯ ಏಷ್ಯದ ದಾರಿಯಲ್ಲಿ ಅರಬರ ಕೈಗೆ ಬಂದಾಗ ಎದುರಾದದ್ದು ಜೊಂಡಿನ ಲೆಕ್ಕಣಿಕೆ. ಗಡುಸಾದ ಅದರ ಮೊನೆ ನಾರನ್ನು ಕೆದಕುತ್ತದೆ. ಅದಕ್ಕೆಂದು ಅವರು ಹಾಳೆಗೆ ಹಿಟ್ಟಿನ ಗಂಜಿ ಬಳಿದು, ನುಣುಪುಗಲ್ಲಿನಿಂದ ಕನ್ನಡಿಯಂತೆ ಉಜ್ಜುವ ಪದ್ಧತಿಯನ್ನು ಬೆಳೆಸಿದರು. ದಖ್ಖನಿನ ಕಾಗಜಿಗಳು ಅನುಸರಿಸಿದ್ದೂ ಇದನ್ನೇ. ದೌಲತಾಬಾದಿನ ಬಳಿ ಕಾಗಜಿಪುರವೆಂಬ ಊರು ಇಂದಿಗೂ ಇದೆ. ಕಾಡಿಗೆಗೆ ಗೋಂದು ಬೆರೆಸಿದ ದೇಶೀ ಮಸಿ ತುಸು ಮಂದವಾದದ್ದು. ಉಜ್ಜಿದ ಹಾಳೆಯ ಮೇಲೆ ಹರಳಿನಂತೆ ಕೂರುತ್ತಿತ್ತು.

ಗಂಜಿಗೆ ಒಂದೇ ಶತ್ರು: ಹಸಿದ ಹುಳು. ಬಂಗಾಳದ ಶ್ರೀರಾಮಪುರದಲ್ಲಿ ಮುದ್ರಣಾಲಯವನ್ನು ನಡೆಸಿದ ಕ್ರೈಸ್ತ ಪಾದ್ರಿಗಳಿಗೆ ಇದರ ಅನುಭವ ಚೆನ್ನಾಗಿ ಆಯಿತು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ಅಲ್ಲಿಯೇ. ಆದ್ದರಿಂದ ಆ ಊರಿನ ಕಾಗದದ ಕಥೆ ನಮಗೂ ಸಂಬಂಧಿಸಿದ್ದು. ಅಕ್ಕಿಗಂಜಿಯ ದೇಶೀ ಕಾಗದವನ್ನು ಗೆದ್ದಲೂ ಪುಸ್ತಕದ ಹುಳುವೂ ಮುತ್ತುತ್ತಿದ್ದವು. ಕೆಲಸ ನಿಧಾನವಾದ ಪುಸ್ತಕಗಳಲ್ಲಿ ಕೊನೆಯ ಹಾಳೆ ಅಚ್ಚಾಗುವುದರೊಳಗೆ ಮೊದಲ ಹಾಳೆಗಳು ಹುಳುವಿನ ಹೊಟ್ಟೆ ಸೇರಿದ್ದುಂಟೆಂದು ಕೇರಿಯ ಜೀವನಚರಿತ್ರೆ ಬರೆದ ಜಾರ್ಜ್ ಸ್ಮಿತ್ ಹೇಳುತ್ತಾನೆ. ಪಾದ್ರಿಗಳು ತಾವೇ ಕಾಗದದ ಗಿರಣಿ ಹೂಡಿ, 1820ರಲ್ಲಿ ಇಂಗ್ಲೆಂಡಿನಿಂದ ಉಗಿಯಂತ್ರವನ್ನೇ ತರಿಸಬೇಕಾಯಿತು. ನಮ್ಮ ಭಾಷೆಯ ಆರಂಭದ ಅಚ್ಚುಪುಸ್ತಕಗಳು ಇಂಥ ಜೂಜಿನಲ್ಲಿ ಉಳಿದು ಬಂದವು.

ಯೂರೋಪಿನಲ್ಲಿ ಗಂಜಿಯ ಬದಲು ಬೇರೊಂದು ಉಪಾಯ ಹೊಳೆದಿತ್ತು. ಇಟಲಿಯ ಫಾಬ್ರಿಯಾನೊ ಊರಿನವರು 13ನೆಯ ಶತಮಾನದಲ್ಲಿಯೇ ತೊಗಲು ಗೊರಸುಗಳನ್ನು ಕುದಿಸಿ ತೆಗೆದ ಅಂಟಿನಲ್ಲಿ ಹಾಳೆಗಳನ್ನು ಅದ್ದತೊಡಗಿದರು. ನಮ್ಮ ಬಡಗಿಗಳ ಸರೇಸಿನ ಜಾತಿಯದೇ ಅದು. ಹಕ್ಕಿಗರಿಯ ಹರಿತವಾದ ಮೊನೆಯನ್ನು ಈ ಹಾಳೆ ಸಹಿಸಿತು. ಮಾಚಿಕಾಯಿಗೆ ಅನ್ನಭೇದಿ ಬೆರೆಸಿ ಮಾಡಿದ ನೀರಿನಂಥ ಮಸಿಯನ್ನೂ ತಡೆದು ನಿಲ್ಲಿಸಿತು. ಆದರೆ ಕೆಲಸ ಕಷ್ಟದ್ದು. ಒಣಗಿದ ಹಾಳೆಯನ್ನು ಮತ್ತೆ ಒದ್ದೆ ಮಾಡಿ, ಹಿಂಡಿ, ಮತ್ತೆ ಒಣಗಿಸಬೇಕು. ಹರಿದು ಹಾಳಾದ ಹಾಳೆಗಳ ಲೆಕ್ಕ ನೋಡಿ ಗಿರಣಿಯವರು ಆ ಕೋಣೆಯನ್ನು ಕಸಾಯಿಖಾನೆಯೆಂದು ಕರೆಯುತ್ತಿದ್ದರಂತೆ. ಬರೆಯುವ ಕಾಗದ ಉಳ್ಳವರ ವಸ್ತುವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ.

1807ರಲ್ಲಿ ಮೋರಿಟ್ಸ್ ಫ್ರೀಡ್ರಿಶ್ ಇಲ್ಲಿಗ್ ಎಂಬ ಜರ್ಮನ್ ಕಾಗದಗಾರ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದ. ಸಿದ್ಧವಾದ ಹಾಳೆಯನ್ನು ಅಂಟಿನಲ್ಲಿ ಅದ್ದುವುದೇಕೆ? ತೊಟ್ಟಿಯ ತಿರುಳಿಗೇ ರಾಳವನ್ನೂ ಪಟಿಕವನ್ನೂ ಬೆರೆಸಿದರೆ ಹಾಳೆ ಹುಟ್ಟುವಾಗಲೇ ನೀರನ್ನು ತಡೆಯುವ ಗುಣ ಪಡೆದು ಹುಟ್ಟುತ್ತದೆ. ಆ ಪುಸ್ತಕದ ಸಾರ ಇಷ್ಟೆ. ಕಾಗದದ ಯಂತ್ರಗಳು ಆಗತಾನೆ ಓಡತೊಡಗಿದ್ದವು. ಶತಮಾನದ ನಡುವಿನಿಂದ ಚಿಂದಿಬಟ್ಟೆಯ ಬದಲು ಮರದ ತಿರುಳು ಬಂತು. ಈ ಮೂರೂ ಕೂಡಿ ಶಾಲೆಯ ಹುಡುಗನ ಕೈಗೂ ನೋಟುಬುಕ್ಕು ಎಟುಕುವಂತಾಯಿತು. ಅಕ್ಷರ ಹರಡಿದ ಕಥೆಯನ್ನು ಹೇಳುವವರು ಅಚ್ಚಿನ ಯಂತ್ರವನ್ನು ಕೊಂಡಾಡುತ್ತಾರೆ. ರಾಳ ಪಟಿಕಗಳನ್ನು ನೆನೆಯುವುದಿಲ್ಲ. ಇದು ನ್ಯಾಯವಲ್ಲವೆಂದು ನನ್ನ ಎಣಿಕೆ.

ಫೌಂಟನ್ ಪೆನ್ನು ಬಂದದ್ದು ಈ ಕಾಗದದ ಮೇಲೆ. ನ್ಯೂಯಾರ್ಕಿನ ವಾಟರ್‌ಮನ್ 1884ರಲ್ಲಿ ತನ್ನ ಪೆನ್ನಿಗೆ ಪೇಟೆಂಟ್ ಪಡೆದ. ಗಾಳಿ ಒಳಕ್ಕೂ ಮಸಿ ಹೊರಕ್ಕೂ ಒಂದೇ ಸಣ್ಣ ಕಾಲುವೆಯಲ್ಲಿ ಹರಿಯಬೇಕಾದ್ದರಿಂದ ಆ ಮಸಿ ತೆಳುವಾಗಿರಲೇಬೇಕು. ನಮ್ಮ ಕಾಡಿಗೆಯ ಮಸಿಯನ್ನು ತುಂಬಿದರೆ ಕಾಲುವೆ ಕಟ್ಟಿಕೊಳ್ಳುತ್ತದೆ. ಹಿಂದೆ ಮಸಿಯ ಮಂದತನವೇ ಸ್ವಲ್ಪಮಟ್ಟಿಗೆ ಮಾಡುತ್ತಿದ್ದ ಕೆಲಸ ಈಗ ಪೂರ್ತಿಯಾಗಿ ಕಾಗದದ ತಲೆಯ ಮೇಲೆ ಬಿತ್ತು. ರಾಳ ಹಾಕಿದ ಕಾಗದ ಆ ಹೊರೆಯನ್ನು ಚೆನ್ನಾಗಿಯೇ ಹೊತ್ತಿತು. ನವೋದಯದ ಕಾಲದ ನಮ್ಮ ಪತ್ರಗಳು, ದಿನಚರಿಗಳು, ಕವಿತೆಯ ಕರಡುಗಳು ಬಹುಪಾಲು ಇದ್ದದ್ದು ಇಂಥ ಕಾಗದದ ಮೇಲೆಯೇ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ರಾಳವನ್ನು ನಾರಿಗೆ ಹಿಡಿಸುವ ಪಟಿಕ ತೇವ ತಗುಲಿದಂತೆಲ್ಲ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ನಾರಿನ ಉದ್ದನೆಯ ಸರಪಣಿಗಳನ್ನು ತುಂಡುತುಂಡು ಮಾಡುತ್ತದೆ. ಹಾಳೆ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು, ಕೊನೆಗೆ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಸೆಕೆಯೂ ತೇವವೂ ಕೂಡಿದ ನಮ್ಮ ಕರಾವಳಿ ಮಲೆನಾಡುಗಳಲ್ಲಿ ಈ ಕೇಡು ಇನ್ನೂ ಬೇಗ. ಅಮೆರಿಕದ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೋ 1900ರಿಂದ 1949ರವರೆಗೆ ಪ್ರಕಟವಾದ 500 ಪುಸ್ತಕಗಳ ಕಾಗದವನ್ನು ಪರೀಕ್ಷಿಸಿ 1959ರಲ್ಲಿ ಫಲಿತಾಂಶವನ್ನು ಹೊರಗಿಟ್ಟ. 50 ವರ್ಷಕ್ಕಿಂತ ಹೆಚ್ಚು ಬಾಳುವ ತ್ರಾಣ ಕಂಡದ್ದು ಶೇಕಡ 3ರಷ್ಟರಲ್ಲಿ ಮಾತ್ರ. ನಾಲ್ಕು ನೂರು ವರ್ಷದ ಓಲೆಗ್ರಂಥವನ್ನು ಬಿಚ್ಚಿ ಓದಬಹುದು. ತಾತನ ದಿನಚರಿಯನ್ನು ಬಿಚ್ಚಲು ಕೈ ನಡುಗುತ್ತದೆ. ಅದರ ಮಸಿ ಅನ್ನಭೇದಿಯದಾಗಿದ್ದರೆ ಅಪಾಯ ಇಮ್ಮಡಿ: ಆ ಮಸಿಯೂ ಆಮ್ಲ, ಅಕ್ಷರ ಇದ್ದ ಕಡೆಯೇ ಹಾಳೆ ತೂತಾಗುತ್ತದೆ. ಅಂಥ ಹಾಳೆಗಳಿಗೆ ಪ್ಲಾಸ್ಟಿಕ್ ಅಂಟುಪಟ್ಟಿಯನ್ನಾಗಲಿ ಬಿಸಿಯಿಂದ ಹಿಡಿಸುವ ಹೊದಿಕೆಯನ್ನಾಗಲಿ ಹಚ್ಚಬಾರದು. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ತಂಪಾದ ಒಣ ಜಾಗದಲ್ಲಿಡುವುದು ಮೇಲು.

ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಇನ್ನೊಂದು ಬಂತು. ನಮ್ಮ ಕಾಡಿನ ಬಿದಿರು ತಿರುಳಾಗಿ ಹಾಳೆಯಾಯಿತು. 1934ರಲ್ಲಿ ಗಾಂಧೀಜಿ ಆರಂಭಿಸಿದ ಗ್ರಾಮೋದ್ಯೋಗ ಸಂಘವೂ ಕೈಕಾಗದಕ್ಕೆ ಮತ್ತೆ ಜೀವ ಕೊಟ್ಟಿತ್ತು. ಕೈಕಾಗದವೆಂದರೆ ಶ್ರೇಷ್ಠವೆಂದು ಭಾವಿಸುವ ಗೆಳೆಯರಿಗೆ ಒಂದು ಮಾತು: ಲೇಪ ಸರಿಯಿಲ್ಲದಿದ್ದರೆ ಅದೂ ಒಂದು ಅಂದವಾದ ಬ್ಲಾಟಿಂಗ್ ಕಾಗದವೇ. ಅಷ್ಟರಲ್ಲಿ ಬಾಲ್‌ಪೆನ್ನು ಬಂತು. ಅದರ ಎಣ್ಣೆಯ ಲೇಹ್ಯದಂಥ ಮಸಿಗೆ ಎಂಥ ಹಾಳೆಯಾದರೂ ಆದೀತು. ಕೊಳ್ಳುವವರು ಕೇಳುವುದನ್ನು ಬಿಟ್ಟರು. ಮಾಡುವವರು ಗಂಜಿಯಲ್ಲಿ ಉಳಿತಾಯ ಮಾಡಿದರು. ಒಂದೇ ಹೆಸರಿನ ನೋಟುಬುಕ್ಕು ಒಂದು ವರ್ಷ ಮಸಿಯನ್ನು ನಿಲ್ಲಿಸಿ ಮರುವರ್ಷ ಕುಡಿದುಬಿಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ಭದ್ರಾವತಿಯ ಕಾಗದದ ಯಂತ್ರಗಳು 2015ರ ಸುಮಾರಿಗೆ ನಿಂತುಹೋದವು.

ಆದರೂ ಹುಡುಕಾಟ ಇಂದು ವ್ಯರ್ಥವಲ್ಲ. ಪಟಿಕದ ನೆರವಿಲ್ಲದೆ ನಾರಿಗೆ ಹಿಡಿಯುವ ರಾಸಾಯನಿಕ ಲೇಪಗಳು 1950ರ ದಶಕದಿಂದ ಬಳಕೆಗೆ ಬಂದಿವೆ. ಅವುಗಳ ಜೊತೆಗೆ ಸುಣ್ಣದ ಪುಡಿ ಬೆರೆಸಬಹುದು. ಅದು ಆಮ್ಲವನ್ನು ನುಂಗುತ್ತದೆ. ಮಸಿಯೂ ನಿಲ್ಲುತ್ತದೆ, ಹಾಳೆಯೂ ಬಾಳುತ್ತದೆ. ಕೊಳ್ಳುವಾಗ ದಪ್ಪ ನೋಡಿ ಮೋಸಹೋಗಬಾರದು. ಪೆನ್ನುಪ್ರಿಯರು ಬಹುವಾಗಿ ಮೆಚ್ಚಿದ ಜಪಾನಿನ ತೊಮೋಯೆ ರಿವರ್ ಕಾಗದದ ತೂಕ ಚದರ ಮೀಟರಿಗೆ ಕೇವಲ 52 ಗ್ರಾಂ. ಬೆಳಕಿಗೆ ಹಿಡಿದರೆ ಆಚೆಯ ಬರಹ ಕಾಣುತ್ತದೆ, ಆದರೆ ಮಸಿ ಆಚೆಗೆ ಇಳಿಯುವುದಿಲ್ಲ. ಅಂಗಡಿಯವರು ಒಪ್ಪಿದರೆ ಕೊನೆಯ ಹಾಳೆಯ ಮೂಲೆಯಲ್ಲಿ ನಿಮ್ಮ ಪೆನ್ನಿನಿಂದಲೇ ಒಂದು ಚುಕ್ಕೆಯಿಟ್ಟು, ಹತ್ತು ಎಣಿಸುವವರೆಗೆ ನಿಬ್ಬನ್ನು ಎತ್ತದೆ ಹಿಡಿಯಿರಿ. ಚುಕ್ಕೆಯ ಅಂಚು ದುಂಡಗೇ ಉಳಿದು, ಹಿಂಬದಿ ಬಿಳಿಯಾಗಿಯೇ ಇದ್ದರೆ ಧೈರ್ಯವಾಗಿ ಕೊಳ್ಳಿರಿ. ಅಂಥ ಹಾಳೆಯ ಮೇಲೆ ಬರಹ ಬೇಗ ಒಣಗುವುದಿಲ್ಲ; ಮಗ್ಗುಲು ತಿರುವುವ ಮುನ್ನ ಒತ್ತಿಕೊಳ್ಳಲು, ಗಂಜಿ ಕಾಣದ ಒಂದು ತುಂಡು ಬ್ಲಾಟಿಂಗ್ ಕಾಗದ ಪಕ್ಕದಲ್ಲಿರಲಿ.