ಅಂಚೆಯ ಕೃಪೆ, ಹರಿಕಾರರ ಕಾಲು

ಭಾರತದ ಮೊದಲ ಮುದ್ರಿತ ವೃತ್ತಪತ್ರಿಕೆ ಯಾವುದೆಂದು ಕೇಳಿದರೆ ನಮ್ಮ ಹೈಸ್ಕೂಲಿನ ಹುಡುಗರು "ಬೆಂಗಾಲ್ ಗೆಜೆಟ್, 1780" ಎಂದು ಥಟ್ಟನೆ ಹೇಳಿ ಕುಳಿತುಬಿಡುತ್ತಾರೆ. ಅದೇ ವರ್ಷ ಅದಕ್ಕೊಬ್ಬ ದಾಯಾದಿಯೂ ಹುಟ್ಟಿದನೆಂಬುದನ್ನು ಪಾಠ ಮುಗಿಸುವ ಅವಸರದಲ್ಲಿ ನಾನೂ ಹೇಳಿದವನಲ್ಲ. ನಿಮ್ಮ ಮುಂದಾದರೂ ಹೇಳುತ್ತೇನೆ.

ಕಲ್ಕತ್ತೆಯ ಜೇಮ್ಸ್ ಅಗಸ್ಟಸ್ ಹಿಕ್ಕಿ ಸಾಲದ ದೆಸೆಯಿಂದ ಸೆರೆಮನೆ ಕಂಡವನು. ಅಚ್ಚಿನ ಕೆಲಸಕ್ಕೆ ಕೈಹಚ್ಚಿದ್ದೂ ಅಲ್ಲಿಯೇ. 1780ರ ಜನವರಿ 29ರ ಶನಿವಾರ ತನ್ನ ಇಂಗ್ಲಿಷ್ ವಾರಪತ್ರಿಕೆಯನ್ನು ಹೊರಡಿಸಿದ. ಎಲ್ಲ ಪಕ್ಷದವರಿಗೂ ತೆರೆದದ್ದು, ಯಾರ ಅಂಕೆಗೂ ಸಿಕ್ಕದ್ದು ಎಂಬುದು ಅದರ ಘೋಷಣೆ. ಈಗಿನ ತರುಣರು ಬ್ಲಾಗು ಬರೆಯುವಂತೆ, ಮುದ್ರಕ, ಸಂಪಾದಕ, ಮಾಲೀಕ ಎಲ್ಲವೂ ತಾನೇ. ನಮ್ಮ ಹೈದರಾಲಿಯೊಡನೆ ನಡೆದಿದ್ದ ಯುದ್ಧದ ವಾರ್ತೆ, ಕಲ್ಪಿತನಾಮದ ಪತ್ರಗಳು, ದೊಡ್ಡವರ ಮನೆಯ ಗುಟ್ಟು, ಎಲ್ಲವನ್ನೂ ಅಚ್ಚುಹಾಕಿದ. ನಾಲಿಗೆಗೆ ಲಗಾಮಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಆ ವೇಳೆಗೆ ಇಬ್ಬರು ಪ್ರತಿಸ್ಪರ್ಧಿಗಳು ಎದ್ದರು: ನಾಟಕಶಾಲೆಯ ನಂಟಿದ್ದ ಮೆಸಿಂಕ್, ಉಪ್ಪಿನ ವ್ಯವಹಾರದ ರೀಡ್. ಇವರ 'ಇಂಡಿಯಾ ಗೆಜೆಟ್' ಅಧಿಕಾರಸ್ಥರ ಮನಸ್ಸನ್ನು ನೋಯಿಸುವಂಥದಲ್ಲ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಂದ ಅವರಿಗೆ ಅಂಚೆಯ ರಿಯಾಯಿತಿ ದೊರೆಯಿತು. ಪದಕವಲ್ಲ, ಶಾಲುಜೋಡಿಯಲ್ಲ, ಆದರೂ ಆ ಕಾಲದ ಪತ್ರಿಕೆಗೆ ಇದಕ್ಕಿಂತ ದೊಡ್ಡ ಬಹುಮಾನವುಂಟೆ? ಕಲ್ಕತ್ತೆಯಾಚೆಯ ಓದುಗನನ್ನು ಮುಟ್ಟುವ ದಾರಿಯೇ ಅಂಚೆ. ಹೇಸ್ಟಿಂಗ್ಸನ ಪತ್ನಿಗೆ ಲಂಚ ಸಲ್ಲಿಸಿದರೆ ಕಾರ್ಯವಾದೀತೆಂದು ಕಂಪೆನಿಯ ಅಧಿಕಾರಿಯೊಬ್ಬ ತನಗೂ ಸೂಚಿಸಿದ್ದನೆಂದು ಹಿಕ್ಕಿ ಅಚ್ಚಿನಲ್ಲೇ ಬರೆದುಬಿಟ್ಟ. ನವೆಂಬರ್ 14ರಂದು ಅವನ ಪತ್ರಿಕೆಗೆ ಅಂಚೆ ಬಂದಾಯಿತು. ನಾಲ್ಕೇ ದಿನಕ್ಕೆ, 18ರಂದು, ಎದುರಾಳಿಯ ಮೊದಲ ಸಂಚಿಕೆ ಹೊರಬಂತು.

ಹಿಕ್ಕಿ ಸುಮ್ಮನಿದ್ದನೆ? ಇಪ್ಪತ್ತು ಮಂದಿ ಹರಿಕಾರರನ್ನು ನೇಮಿಸಿ ಪತ್ರಿಕೆಯನ್ನು ಕಾಲ್ನಡಿಗೆಯಲ್ಲೇ ಹಂಚಿಸಿದ. ಎದುರಾಳಿಗೆ ಅಚ್ಚುಮೊಳೆ ಒದಗಿಸಿದರೆಂದು ಪಾದ್ರಿ ಕೀರ್ನಾಂಡರರ ಮೇಲೂ ಹರಿಹಾಯ್ದ. ಇಲ್ಲಿ ಮಾತ್ಸರ್ಯ ಎಷ್ಟು, ಧರ್ಮಕ್ರೋಧ ಎಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದು. ಎರಡೂ ಒಂದೇ ಲೇಖನಿಯಿಂದ ಹರಿದವು.

1781ರಲ್ಲಿ ಹೇಸ್ಟಿಂಗ್ಸನೂ ಪಾದ್ರಿಯೂ ಮಾನಹಾನಿಯ ಮೊಕದ್ದಮೆ ಹೂಡಿದರು. ಹಿಕ್ಕಿ ಮತ್ತೆ ಸೆರೆಮನೆ ಸೇರಿದ. ಆದರೂ ಶನಿವಾರ ತಪ್ಪಲಿಲ್ಲ. ಒಳಗಿನಿಂದಲೇ ತಿಂಗಳುಗಟ್ಟಲೆ ಪತ್ರಿಕೆ ನಡೆಸಿದ. ಕೊನೆಗೆ 1782ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಅವನ ಅಚ್ಚುಮೊಳೆಗಳನ್ನು ಜಪ್ತಿ ಮಾಡಿದರು. 'ಇಂಡಿಯಾ ಗೆಜೆಟ್' ಮುಂದೆಯೂ ಬಹುಕಾಲ ನಡೆಯಿತು. ಹಿಕ್ಕಿ ಬಡತನದಲ್ಲೇ ದಿನ ಕಳೆದು, 1802ರಲ್ಲಿ ಚೀನಾದತ್ತ ಹೊರಟ ಹಡಗಿನಲ್ಲಿ ತೀರಿಕೊಂಡ.