ಹ್ಯಾಲೋವೀನ್ ಮತ್ತು ಹಣ್ಣಿನ ರಸಾಯನ



ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದ ದಿನಗಳ ಕುರಿತು ಬರೆಯಬೇಕೆಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಜಲಪಾತಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ವರ್ಣಿಸುವವರು ಬಹಳ ಮಂದಿ ಇದ್ದಾರೆ. ನಾನು ಒಂದು ಪಾತ್ರೆ ಹಣ್ಣಿನ ಸಲಾಡಿನ ಕುರಿತು ಬರೆಯುತ್ತೇನೆ. ಟೀಚರಿಗೆ ಹಣ್ಣು ಹೆಚ್ಚುವಾಗಲೂ ಇಸವಿಗಳೇ ನೆನಪಾಗುತ್ತವೆಯೆಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಅದು 2024ರ ಅಕ್ಟೋಬರ್ 31. ನ್ಯೂಜೆರ್ಸಿಯಲ್ಲಿ ಆ ತಿಂಗಳೆಲ್ಲ ಮಳೆಯೇ ಇರಲಿಲ್ಲ. ಚಳಿಗೆಂದು ಕೊಂಡುಹೋಗಿದ್ದ ಸ್ವೆಟರುಗಳು ಪೆಟ್ಟಿಗೆಯಲ್ಲಿಯೇ ಉಳಿದಿದ್ದವು. ಆ ವರ್ಷ ನಮ್ಮ ನರಕ ಚತುರ್ದಶಿಯೂ ಅವರ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು. ಮೊಮ್ಮಗಳಿಗೆ ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಮಾಟಗಾತಿಯ ಕಪ್ಪು ಟೋಪಿ. ಮನೆಮನೆಗೆ ಹೊರಡುವ ಮುನ್ನ ನೆರೆಹೊರೆಯ ಹತ್ತು ಹನ್ನೆರಡು ಮಕ್ಕಳು ನಮ್ಮಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು.

"ಅಮ್ಮಾ, ರಾತ್ರಿ ಚೀಲಗಟ್ಟಲೆ ಮಿಠಾಯಿ ತರುತ್ತಾರೆ. ನಮ್ಮ ಹಬ್ಬದ ರವೆ ಉಂಡೆ ಬೇರೆ ಇದೆ. ಸಂಜೆಗೆ ಹಣ್ಣಿನದೇ ಏನಾದರೂ ಮಾಡೋಣ" ಎಂದಳು ಮಗಳು.

ಕಿತ್ತಳೆಯ ಸಿಪ್ಪೆ ಸುಲಿದು, ನೆತ್ತಿಯಲ್ಲಿ ಸೆಲರಿ ದಂಟಿನ ಚೂರನ್ನು ಸಿಕ್ಕಿಸಿದರೆ ಪುಟ್ಟ ಕುಂಬಳಕಾಯಿಯಾಗುತ್ತದೆ. ಬಾಳೆಹಣ್ಣನ್ನು ಅರ್ಧಕ್ಕೆ ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಚಾಕೊಲೇಟಿನ ಎರಡು ಚೂರುಗಳನ್ನು ಕಣ್ಣುಗಳಾಗಿ ಒತ್ತಿದರೆ ಅದೇ ಬಿಳಿ ದೆವ್ವ. ಇವೆರಡನ್ನೂ ಮೊಮ್ಮಗಳೇ ನನಗೆ ಕಲಿಸಿಕೊಟ್ಟಳು. ದೊಡ್ಡ ಗಾಜಿನ ಪಾತ್ರೆಗೆ ಕಪ್ಪು ದ್ರಾಕ್ಷಿ, ದಾಳಿಂಬೆ, ಅನಾನಸು, ಸೇಬು, ಪೇರು ಹಣ್ಣುಗಳನ್ನು ಹೆಚ್ಚಿ ಹಾಕಿದೆವು. ಸೇಬಿನ ಹೋಳು ಕಂದು ಬಣ್ಣಕ್ಕೆ ತಿರುಗದಂತೆ ನಿಂಬೆರಸ ಹಿಂಡಿದೆ. ಬೆಲ್ಲ, ಕಾಯಿಹಾಲು, ಏಲಕ್ಕಿ ಸೇರಿಸಿ ನಮ್ಮ ರಸಾಯನವನ್ನೇ ಮಾಡಿಬಿಡೋಣವೆಂಬ ಆಸೆ ನನಗಿತ್ತು. "ಅಜ್ಜೀ, ಬೆಲ್ಲ ಹಾಕಿದರೆ ಕೆಸರಿನ ಹಾಗೆ ಕಾಣುತ್ತದೆ" ಎಂದು ಮೊಮ್ಮಗಳು ತಡೆದಳು. ದೆವ್ವಗಳ ಹಬ್ಬದಲ್ಲಿ ಕೆಸರಿಗೇಕೆ ಸಂಕೋಚವೋ ತಿಳಿಯಲಿಲ್ಲ.

ಸಲಾಡ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯ 'ಸಾಲ್', ಎಂದರೆ ಉಪ್ಪು. ಉಪ್ಪು ಹಚ್ಚಿದ ಸೊಪ್ಪು ತರಕಾರಿಗೆ ಸಲ್ಲುತ್ತಿದ್ದ ಹೆಸರು ಕಾಲಾಂತರದಲ್ಲಿ ಸಕ್ಕರೆ ಬೆರೆಸಿದ ಹಣ್ಣಿಗೂ ಅಂಟಿಕೊಂಡಿತು. ಸೇಬು, ಸೆಲರಿಗಳ ಪ್ರಸಿದ್ಧ ವಾಲ್ಡಾರ್ಫ್ ಸಲಾಡ್ ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನದು. ಅಲ್ಲಿಯ ಆಸ್ಕರ್ ಎಂಬವರು 1896ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ಅದಿದೆ. ಅದಕ್ಕೂ ಹಿಂದೆ, 1867ರ 'ಡಿಕ್ಸಿ ಕುಕರಿ' ಎಂಬ ದಕ್ಷಿಣ ಅಮೆರಿಕನ್ ಸಂಸ್ಥಾನಗಳ ಪುಸ್ತಕದಲ್ಲಿ ಆಂಬ್ರೋಸಿಯಾ ಎಂಬ ತಿನಿಸು ಕಾಣಿಸಿಕೊಂಡಿತು. ಕಿತ್ತಳೆ, ತುರಿದ ತೆಂಗಿನಕಾಯಿ, ಸಕ್ಕರೆ, ಇಷ್ಟೇ. ಆಂಬ್ರೋಸಿಯಾ ಗ್ರೀಕ್ ದೇವತೆಗಳ ಆಹಾರದ ಹೆಸರು. ನಮ್ಮ 'ಅಮೃತ' ಶಬ್ದವೂ ಅದೂ ಒಂದೇ ಬೇರಿನವು. ಇಷ್ಟನ್ನು ವಿವರಿಸಿದ ಮೇಲೆ ಮೊಮ್ಮಗಳು ಕೊಂಚ ಸಡಿಲಳಾಗಿ ತೆಂಗಿನ ತುರಿಗೆ ಒಪ್ಪಿಗೆ ಕೊಟ್ಟಳು. ಜೇಡರಬಲೆ ಎಂಬ ಹೆಸರಿನಲ್ಲಿ ಅದು ಪಾತ್ರೆಯ ಅಂಚಿಗೆ ಬಿತ್ತು.

ಹೆಚ್ಚಿ ಉಳಿದ ಸೇಬುಗಳು ಹದಿನೈದಿದ್ದವು. ಅವನ್ನು ತೊಳೆದು, ಒರೆಸಿ, ಬೆತ್ತದ ಬುಟ್ಟಿಯಲ್ಲಿರಿಸಿ, ಬಾಗಿಲಿಗೆ ಬರುವ ಮಕ್ಕಳಿಗೆಂದು ಮೆಟ್ಟಿಲ ಬಳಿ ಇಟ್ಟೆ. ಮಗಳು ನೋಡಿ ಹೇಳಿದಳು: "ಅಮ್ಮಾ, ಇಲ್ಲಿ ಬಾಗಿಲಿಗೆ ಬಂದವರಿಗೆ ಬಿಡಿ ಹಣ್ಣು ಕೊಡುವುದಿಲ್ಲ. ಕೊಟ್ಟರೂ ಮನೆಗೆ ಹೋಗಿ ಎಸೆಯುತ್ತಾರೆ."

ಮನೆಗೆ ಬಂದ ಮಗುವಿನ ಕೈಗೆ ಒಂದು ಬಾಳೆಹಣ್ಣನ್ನಾದರೂ ಕೊಡದೆ ಕಳುಹಿಸಬಾರದೆಂದು ನನ್ನ ತಾಯಿ ಕಲಿಸಿದ್ದರು. ಬುಟ್ಟಿಯನ್ನು ನಾನು ತೆಗೆಯಲಿಲ್ಲ. ಹಟವೆಂದರೆ ಹಟವೇ.

ಕತ್ತಲಾದ ಮೇಲೆ ಅಸ್ಥಿಪಂಜರದ ವೇಷದ ಪುಟ್ಟ ಹುಡುಗನೊಬ್ಬನು ಬಂದನು. ಮಿಠಾಯಿ ತೆಗೆದುಕೊಂಡನು, ಬುಟ್ಟಿಯನ್ನು ನೋಡಿ ಸೇಬನ್ನೂ ಎತ್ತಿಕೊಂಡನು. ಹಿಂದೆ ನಿಂತಿದ್ದ ತಾಯಿ ಮುಗುಳ್ನಗುತ್ತಲೇ ಅದನ್ನು ಅವನ ಕೈಯಿಂದ ಬಿಡಿಸಿ, ಕಟಕಟೆಯ ಮೇಲಿಟ್ಟು, ನನಗೆ ಹಬ್ಬದ ಶುಭಾಶಯ ಹೇಳಿ ಹೊರಟರು. ಆಕೆಯ ನಡತೆಯಲ್ಲಿ ಒರಟುತನವಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋವಿಗಿಂತ ಹೆಚ್ಚಾಗಿ ಕಾಡಿದ್ದು ಒಂದು ಪ್ರಶ್ನೆ. ಸೇಬಿಲ್ಲದೆ ಹ್ಯಾಲೋವೀನೇ ಇಲ್ಲ ಎಂಬಂತಿದ್ದ ಹಬ್ಬದಲ್ಲಿ ಸೇಬು ಬಹಿಷ್ಕೃತವಾದುದು ಹೇಗೆ?

ಹ್ಯಾಲೋವೀನ್ ಎಂದರೆ ಸಂತರ ದಿನದ ಮುನ್ನಾ ಸಂಜೆ. ಪಶ್ಚಿಮದ ಕ್ರೈಸ್ತ ಸಭೆಯಲ್ಲಿ ನವೆಂಬರ್ 1 ಸಕಲ ಸಂತರ ದಿನವಾಗಿ ನೆಲೆಗೊಂಡದ್ದು ಒಂಬತ್ತನೆಯ ಶತಮಾನದಲ್ಲಿ. ಅದೇ ದಿನ ಐರ್ಲೆಂಡಿನ ಗೇಲಿಕ್ ಜನರಿಗೆ ಚಳಿಗಾಲದ ಆರಂಭ. ಆ ಪರ್ವದ ಹೆಸರಿನ ಉಚ್ಚಾರ 'ಸಾವಿನ್' ಎಂಬುದಕ್ಕೆ ಹತ್ತಿರ. ಕನ್ನಡದ ಸಾವಿಗೂ ಅದಕ್ಕೂ ಸಂಬಂಧ ಕಟ್ಟಬೇಡಿ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ! ರೋಮನ್ನರ ಹಣ್ಣಿನ ದೇವತೆ ಪೊಮೋನಾಳ ಉತ್ಸವದಿಂದ ಹ್ಯಾಲೋವೀನಿಗೆ ಸೇಬು ಬಂತೆಂದು ಎಷ್ಟೋ ಕಡೆ ಬರೆದಿರುತ್ತಾರೆ. ಆ ದಿನ ಆಕೆಗೆ ಉತ್ಸವವಿತ್ತೆಂಬುದಕ್ಕೆ ಆಧಾರವಿಲ್ಲ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಕ್ಟೋಬರಿನ ಕೊನೆಗೆ ಆ ನಾಡಿನ ಮನೆಗಳಲ್ಲಿ ಕೊಯ್ದ ಸೇಬೂ ಆಯ್ದ ಬೀಜಗಳೂ ತುಂಬಿರುತ್ತಿದ್ದವು. ಮನೆಯಲ್ಲಿದ್ದುದೇ ಹಬ್ಬಕ್ಕೂ ಬಂತು.

ಉತ್ತರ ಇಂಗ್ಲೆಂಡಿನಲ್ಲಿ ಆ ರಾತ್ರಿಗೆ 'ಬೀಜ ಒಡೆಯುವ ರಾತ್ರಿ' ಎಂಬ ಹೆಸರಿತ್ತು. ಇಬ್ಬರು ಪ್ರೇಮಿಗಳ ಹೆಸರಿನಲ್ಲಿ ಎರಡು ಬೀಜಗಳನ್ನು ಒಲೆಯಲ್ಲಿಟ್ಟು, ಅವು ಜೊತೆಯಾಗಿ ಉರಿಯುತ್ತವೆಯೋ ಸಿಡಿದು ದೂರವಾಗುತ್ತವೆಯೋ ಎಂದು ಭವಿಷ್ಯ ನೋಡುತ್ತಿದ್ದರು. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಪ್ರಕಟಿಸಿದ 'ಹ್ಯಾಲೋವೀನ್' ಕವಿತೆಯಲ್ಲಿ ಸ್ಕಾಟ್ಲೆಂಡಿನ ಇಂತಹ ಆಟಗಳೆಲ್ಲ ಇವೆ. ಸೇಬಿನ ಸಿಪ್ಪೆಯನ್ನು ತುಂಡಾಗದಂತೆ ಸುಲಿದು ಭುಜದ ಹಿಂದಕ್ಕೆಸೆದರೆ ಅದು ಬಿದ್ದ ಆಕಾರವೇ ಮುಂದಿನ ಗಂಡನ ಹೆಸರಿನ ಮೊದಲಕ್ಷರ. ಡೇನಿಯಲ್ ಮ್ಯಾಕ್ಲೀಸ್ 1833ರಲ್ಲಿ ಪ್ರದರ್ಶಿಸಿದ ವರ್ಣಚಿತ್ರವೊಂದರ ಹೆಸರೇ 'ಸ್ನ್ಯಾಪ್ ಆಪಲ್ ನೈಟ್', ಸೇಬನ್ನು ಬಾಯಿಂದ ಕಚ್ಚಿ ಹಿಡಿಯುವ ರಾತ್ರಿ. ಐರ್ಲೆಂಡಿನ ಬ್ಲಾರ್ನಿಯಲ್ಲಿ ಹಿಂದಿನ ವರ್ಷ ತಾನು ಕಂಡ ಹ್ಯಾಲೋವೀನ್ ಕೂಟವೇ ಆತನಿಗೆ ಸ್ಫೂರ್ತಿ. ಚಿತ್ರದ ಒಂದೆಡೆ ಮಕ್ಕಳು ತೊಟ್ಟಿಯ ನೀರಿನಲ್ಲಿ ತೇಲುವ ಸೇಬಿಗೆ ಬಾಯಿ ಹಾಕುತ್ತಿದ್ದಾರೆ. ಎಲ್ಲರ ಎಂಜಲೂ ಒಂದೇ ತೊಟ್ಟಿಯಲ್ಲಿ.

1845ರಿಂದ 1852ರವರೆಗಿನ ಆಲೂಗೆಡ್ಡೆಯ ಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅವರೊಡನೆ ಹಬ್ಬವೂ ಅಟ್ಲಾಂಟಿಕ್ ದಾಟಿತು. ಊರಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಅಮೆರಿಕದಲ್ಲಿ ದೊಡ್ಡ ಸಿಹಿಗುಂಬಳ ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದ ಕೂಟಗಳಲ್ಲಿಯೂ ಸೇಬು, ಬೀಜ, ಸೇಬಿನ ರಸ ಇದ್ದೇ ಇದ್ದವು. ವೇಷ ತೊಟ್ಟು ಬಾಗಿಲು ತಟ್ಟುವ ಪದ್ಧತಿ ಎಲ್ಲೆಡೆ ಹರಡಿದ್ದು ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಮುಗಿದ ಬಳಿಕ. ಆಗಲೂ ಮನೆಗಳವರು ಕೊಡುತ್ತಿದ್ದುದು ಮಿಠಾಯಿಯೊಂದನ್ನೇ ಅಲ್ಲ. ಸೇಬು, ಮನೆಯಲ್ಲಿ ಮಾಡಿದ ಬಿಸ್ಕತ್ತು, ಪಾಪ್‌ಕಾರ್ನ್ ಉಂಡೆ, ಬಿಡಿ ನಾಣ್ಯಗಳೂ ಇರುತ್ತಿದ್ದವು.

ಅನಂತರ ಬಂದದ್ದು ಭಯ. 1964ರಲ್ಲಿ ಲಾಂಗ್ ಐಲೆಂಡಿನ ಗೃಹಿಣಿಯೊಬ್ಬರು, ಇಷ್ಟು ಬೆಳೆದವರಿಗೆ ಮಿಠಾಯಿಯೇಕೆಂದು, ದೊಡ್ಡ ಹುಡುಗರಿಗೆ ನಾಯಿಬಿಸ್ಕತ್ತನ್ನೂ ವಿಷವೆಂದು ಬರೆದಿದ್ದ ಇರುವೆ ಮದ್ದನ್ನೂ ತಮಾಷೆಗೆ ಕೊಟ್ಟರು. ಯಾರಿಗೂ ಅಪಾಯವಾಗಲಿಲ್ಲ, ಸುದ್ದಿಯೇನೋ ಹಬ್ಬಿತು. 1967ರಲ್ಲಿ ಇದೇ ನ್ಯೂಜೆರ್ಸಿಯಲ್ಲಿ ಸೇಬಿನೊಳಗೆ ಕ್ಷೌರದ ಬ್ಲೇಡು ಸಿಕ್ಕಿತೆಂಬ ದೂರುಗಳು ಬಂದವು. ಮರುವರ್ಷ ಹಬ್ಬಕ್ಕೆ ಮೊದಲೇ, ಸೇಬಿನಲ್ಲಿ ಹಾಗೆ ಬ್ಲೇಡು ಅಡಗಿಸುವವರಿಗೆ ಸೆರೆವಾಸವೆಂದು ರಾಜ್ಯದ ಶಾಸನಸಭೆ ಕಾನೂನು ಮಾಡಿತು. ಕಾನೂನಾದ ಮೇಲೂ 1968ರಲ್ಲಿ ದೂರುಗಳು ಬಂದವು. ನನ್ನ ಬುಟ್ಟಿ ಕುಳಿತಿದ್ದ ನೆಲದ ಚರಿತ್ರೆ ಇದೆಂದು ನನಗೆ ಗೊತ್ತಿರಲಿಲ್ಲ.

1974ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ಬಳಿ ಎಂಟು ವರ್ಷದ ಬಾಲಕನೊಬ್ಬ ಹ್ಯಾಲೋವೀನ್ ಮಿಠಾಯಿಯಲ್ಲಿದ್ದ ಸಯನೈಡಿನಿಂದ ಸತ್ತನು. ದೇಶವೇ ಬೆಚ್ಚಿತು. ವಿಷ ಬೆರೆಸಿದವನು ಬಾಗಿಲಾಚೆಯ ಅಪರಿಚಿತನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಹೆತ್ತ ತಂದೆ. ಅವನಿಗೆ 1984ರಲ್ಲಿ ಮರಣದಂಡನೆಯಾಯಿತು. 1982ರ ಶರತ್ಕಾಲದಲ್ಲಿ ಷಿಕಾಗೋದಲ್ಲಿ ನೋವಿನ ಗುಳಿಗೆಗಳಿಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತಾಗ ಹ್ಯಾಲೋವೀನಿನ ಭಯ ಇಮ್ಮಡಿಯಾಯಿತು. ಮಕ್ಕಳು ತಂದ ಚೀಲಗಳನ್ನು ಎಕ್ಸ್‌ರೇ ತೆಗೆದು ನೋಡಿಕೊಡುವ ಆಸ್ಪತ್ರೆಗಳೂ ಇದ್ದವು. ಅಂಗಡಿಯ ಮುದ್ರೆಯಿರುವ, ಒಂದೊಂದಕ್ಕೂ ಕಾಗದ ಸುತ್ತಿದ ಮಿಠಾಯಿಯೊಂದೇ ನಂಬಿಕೆಗೆ ಅರ್ಹವಾಗಿ ಉಳಿಯಿತು.

ಜೋಯೆಲ್ ಬೆಸ್ಟ್ ಮತ್ತು ಜೆರಾಲ್ಡ್ ಹೋರಿಯುಚಿ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಪತ್ರಿಕೆಗಳನ್ನು ಶೋಧಿಸಿ, ಇಂತಹ 76 ವರದಿಗಳನ್ನು ಪರಿಶೀಲಿಸಿ, 1985ರಲ್ಲಿ ಪ್ರಬಂಧ ಪ್ರಕಟಿಸಿದರು. ಬಹಳಷ್ಟು ಪ್ರಕರಣಗಳು ಮಕ್ಕಳೋ ಮನೆಯವರೋ ಸೃಷ್ಟಿಸಿದ ಹುಸಿ. ಸಾವೆಂದು ಸಿಕ್ಕಿದ ಎರಡರಲ್ಲಿ ಒಂದು ಆ ಟೆಕ್ಸಾಸಿನ ತಂದೆಯದು. 1970ರ ಡೆಟ್ರಾಯಿಟಿನ ಇನ್ನೊಂದರಲ್ಲಿ ಮಗು ತಿಂದಿದ್ದು ಬಂಧುವಿನ ಮನೆಯಲ್ಲಿದ್ದ ಹೆರಾಯಿನ್. ಬಾಗಿಲಲ್ಲಿ ನಿಂತ ಅಪರಿಚಿತರು ಕೊಟ್ಟ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ಅವರಿಗೆ ದೃಢಪಡಲಿಲ್ಲ.

ಇದನ್ನೋದಿ ಅಮೆರಿಕನ್ನರನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನ ಕಡೆಯಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರನು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡನು. ಅಲ್ಲಿಯ ಆ ತಾಯಿ ಸೇಬನ್ನು ಕಟಕಟೆಯ ಮೇಲಿಟ್ಟು ನಕ್ಕು ಹೋದರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಬರಹ ಅಪೂರ್ಣವಾಗುತ್ತದೆ. ಇಡೀ ಸೇಬಿಗಿಂತ ಹೆಚ್ಚಿದ ಹಣ್ಣಿಗೆ ಹೆಚ್ಚಿನ ನಂಬಿಕೆ ಬೇಕು. ಯಾರ ಕೈ, ಯಾವ ಚಾಕು, ಒಳಗೆ ಏನು ಬೆರೆತಿದೆ, ಒಂದೂ ಕಾಣುವುದಿಲ್ಲ. ಆದರೂ ಸಂಜೆ ನಮ್ಮ ಮೇಜಿನ ಮೇಲಿದ್ದ ಗಾಜಿನ ಪಾತ್ರೆ ಅರ್ಧ ಗಂಟೆಯಲ್ಲಿ ಬರಿದಾಯಿತು. ಬಾಳೆಹಣ್ಣಿನ ದೆವ್ವಗಳಿಗಾಗಿ ಸಣ್ಣದೊಂದು ಜಗಳವೂ ನಡೆಯಿತು. ಮಕ್ಕಳ ತಾಯಂದಿರಲ್ಲಿ ಇಬ್ಬರು ನಿಂತೇ ತಿಂದು, ತೆಂಗಿನ ತುರಿ ಹಾಕಿದ್ದೇಕೆಂದು ವಿಚಾರಿಸಿದರು. ಅವರೆಲ್ಲ ಮಗಳ ಹೆಸರು ಬಲ್ಲವರು, ಹಿಮ ಬಿದ್ದಾಗ ಪರಸ್ಪರರ ಅಂಗಳದ ಹಿಮ ತೆಗೆದವರು. ಬಾಗಿಲಿನ ಒಳಗಿನ ಮೇಜಿಗೂ ಹೊರಗಿನ ಮೆಟ್ಟಿಲಿಗೂ ನಡುವೆ ಹತ್ತು ಹೆಜ್ಜೆಗಳೂ ಇರಲಿಲ್ಲ.

ಬೆಳಗ್ಗೆ ಎದ್ದು ಎಣಿಸಿದರೆ ಬುಟ್ಟಿಯಲ್ಲಿ ಹನ್ನೊಂದು, ಕಟಕಟೆಯ ಮೇಲೆ ಒಂದು. ಮೂರು ಎಲ್ಲಿಗೋ ಹೋಗಿದ್ದವು. ತಿಂದರೋ ಎಸೆದರೋ ನಾನು ವಿಚಾರಿಸಲಿಲ್ಲ. ಕಟಕಟೆಯದನ್ನು ಅಲ್ಲಿಯೇ ನಿಂತು ನಾನು ತಿಂದೆ. ಉಳಿದವನ್ನು ಹೆಚ್ಚಿ ಹಬ್ಬಕ್ಕೆ ಸೇಬಿನ ಕೇಸರಿಬಾತ್ ಮಾಡಿದೆ. ಅಳಿಯಂದಿರು ಎರಡು ಸಲ ಹಾಕಿಸಿಕೊಂಡರು.