ಚಕ್ಕಡಿಯಿಂದ 108ರವರೆಗೆ



ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ನಮ್ಮ ಉಗರಗೋಳವನ್ನು ಹಾದು ಹೋಗುವುದನ್ನು ನೀವೆಲ್ಲ ಕಂಡವರೇ. 1980ರ ದಶಕದಲ್ಲಿ, ನಾನು ಸೇವೆಗೆ ಸೇರಿದ ಹೊಸದರಲ್ಲಿ, ರಾತ್ರಿ ಹೆರಿಗೆ ನೋವು ಬಂದವಳನ್ನು ಸವದತ್ತಿಗೆ ಒಯ್ಯಲು ಇದ್ದದ್ದೂ ಅಂಥದೇ ಚಕ್ಕಡಿ. ಸಿಕ್ಕರೆ ಯಾರದೋ ಟ್ರ್ಯಾಕ್ಟರ್. ನಮ್ಮ ಓಣಿಯ ಸೊಸೆಯೊಬ್ಬಳು ವಾಹನ ದೊರೆಯುವಷ್ಟರಲ್ಲಿ ಕೂಸನ್ನು ಕಳೆದುಕೊಂಡಳು. ಆ ರಾತ್ರಿ ಮನೆಮನೆಯ ಬಾಗಿಲು ಬಡಿದವರಲ್ಲಿ ನಾನೂ ಒಬ್ಬ.

ತುರ್ತು ಕರೆಗೆ ಒಂದೇ ಸಂಖ್ಯೆ ಎಂಬ ವಿಚಾರ ಹಳೆಯದು. ಲಂಡನ್ನಿನಲ್ಲಿ 999 ಆರಂಭವಾದದ್ದು 1937ರಲ್ಲಿ. ಆಂಧ್ರದಲ್ಲಿ 2005ರ ಆಗಸ್ಟ್ 15ರಂದು 108 ಸೇವೆ ಮೊದಲಾಯಿತು. ನಮ್ಮಲ್ಲಿ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಬಂದಿತು. ಕರೆ ಸ್ವೀಕರಿಸಿದ ಕೇಂದ್ರವು ಸಮೀಪದ ಆಂಬುಲೆನ್ಸಿಗೆ ಸೂಚನೆ ನೀಡುತ್ತದೆ. ತರಬೇತಿ ಪಡೆದ ಸಿಬ್ಬಂದಿ ದಾರಿಯಲ್ಲಿಯೇ ಪ್ರಥಮ ಚಿಕಿತ್ಸೆ ಆರಂಭಿಸುತ್ತಾರೆ. ರೋಗಿ ಹಣ ಕೊಡಬೇಕಿಲ್ಲ.

ಅಂದು ವಾಹನ ನೆರೆಯವರ ದಯೆಯಾಗಿತ್ತು. ಇಂದು ಅದು ಸರಕಾರದ ಹೊಣೆ. ದಯೆಯನ್ನು ಬೇಡಬೇಕು, ಹೊಣೆಯನ್ನು ಕೇಳಬಹುದು. ವಾಹನ ತಡವಾದರೆ ಕೇಳಿರಿ. ಕರೆ ಮಾಡುವಾಗ ಊರು, ಓಣಿ, ಗುರುತು ಸ್ಪಷ್ಟವಾಗಿ ಹೇಳಿರಿ. ಜಾತ್ರೆಯ ದಾರಿಯಲ್ಲಿ ಸೈರನ್ ಕೇಳಿಸಿದರೆ ಚಕ್ಕಡಿಯನ್ನು ಪಕ್ಕಕ್ಕೆ ಸರಿಸಿರಿ.